ಪಂಕಜಾಳದ್ದು ಬರೀ ‘ಮೈಲ್ಡ್’ ಅಂತೆ

ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ ಸಂಜೆ ನೀರು ಬರುವುದು ಏಳು ಗಂಟೆಗೆ, ಹೋಗುವುದು ಎಂಟಕ್ಕೆ. ಅಷ್ಟರಲ್ಲಿ ಡ್ರಮ್ ತುಂಬಬೇಕು, ಪಾತ್ರೆ ತೊಳೆಯಬೇಕು, ನೆನೆಸಿಟ್ಟ ಬಟ್ಟೆ ಜಾಲಿಸಬೇಕು. ಆ ಹೊತ್ತಿನಲ್ಲಿ ಮನೆಯವರಲ್ಲೊಬ್ಬರು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕೂತರೆ ಏನಾಗುತ್ತದೆ ಎಂದು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೋದ ವರ್ಷ, ಅಂದರೆ ತೊಂಬತ್ತೊಂದರಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ದಿನವೂ ಇದೇ ರಗಳೆ. ಬಾಗಿಲು ಹಾಕಿಕೊಂಡು ಕೂರುತ್ತಿದ್ದವಳು ಪಂಕಜಾ. ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದವರು ಅವಳ ತಾಯಿ ವಿಮಲಾ.

“ಪಂಕಜಾ, ನೀರು ಬಂತು ಕಣೇ. ಬಾಗಿಲು ತೆಗಿ. ಕತ್ತಲಲ್ಲಿ ಕೂತು ಏನು ಮಾಡ್ತೀಯ?”

ಬಾಗಿಲು ತೆರೆಯುತ್ತಿರಲಿಲ್ಲ. ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಗೋಡೆ ತೆಳು. ವಿಮಲಾ ಬಾಗಿಲು ಬಡಿದರೆ ನಮ್ಮ ಮನೆಯ ಲೋಟಗಳು ಅಲ್ಲಾಡುತ್ತಿದ್ದವು. ಹಾಗಾಗಿ ಈ ಕಥೆಯನ್ನು ನಾನು ಕದ್ದು ಕೇಳಿದೆ ಎಂದು ಯಾರೂ ಅನ್ನುವಂತಿಲ್ಲ. ಬರೆಯುವ ಮುಂಚೆ ತಾಯಿ ಮಗಳು ಇಬ್ಬರನ್ನೂ ಕೇಳಿದ್ದೇನೆ. ಪಂಕಜಾ ಒಂದೇ ಷರತ್ತು ಹಾಕಿದಳು: “ಬರೀರಿ ಆಂಟಿ. ಆದರೆ ಪಾಪದ ಹುಡುಗಿ ಅಂತ ಬರೀಬೇಡಿ.” ಹಾಗೆ ಬರೆಯುವುದಿಲ್ಲ.

ಪಂಕಜಾಗೆ ಆಗ ಇಪ್ಪತ್ತೆರಡು ವರ್ಷ. ಚರ್ಚ್‌ಗೇಟ್ ಹತ್ತಿರದ ಒಂದು ಕಂಪನಿಯಲ್ಲಿ ಟ್ರೇಸರ್ ಕೆಲಸ. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಹಾಕಿದ ನಕ್ಷೆಯ ಮೇಲೆ ತೆಳುವಾದ ಕಾಗದವಿಟ್ಟು, ಅದೇ ಗೆರೆಗಳನ್ನು ಇಂಕಿನಲ್ಲಿ ತೆಗೆಯುವ ಕೆಲಸ ಅದು. ಅವಳ ಕೈ ಬಹಳ ಅಚ್ಚುಕಟ್ಟು. ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ದೀಪಾವಳಿಯ ಹೊತ್ತಿಗೆ ಹೇಳುತ್ತೇವೆ ಎಂದಿದ್ದರು.

ಅವಳು ಚಿಕ್ಕವಳಿದ್ದಾಗ ಮಾತು ತಡವಾಯಿತು. ಮುಂಬಯಿಯಲ್ಲಿ ಇದಕ್ಕೆ ನಮ್ಮವರ ಹತ್ತಿರ ಒಂದು ಸಿದ್ಧ ಉತ್ತರವಿದೆ. ಮನೆಯಲ್ಲಿ ಕನ್ನಡ, ಮೆಟ್ಟಿಲ ಮೇಲೆ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಇಷ್ಟೊಂದು ಭಾಷೆ ಕಿವಿಗೆ ಬಿದ್ದರೆ ಮಗು ತಡಮಾಡದೆ ಇನ್ನೇನು ಮಾಡುತ್ತದೆ, ಎಂದು. ಬೆಂಗಳೂರಿನ ನೆಂಟರು ಬಂದಾಗ ಅವಳು ಮೂಲೆ ಸೇರಿದರೆ, “ಬಾಂಬೆ ಹುಡುಗಿ, ಕನ್ನಡ ಬರಲ್ಲ” ಎಂದು ನಗುತ್ತಿದ್ದರು. ಯಾವ ಭಾಷೆಯಲ್ಲೂ ಅವಳು ಮೂಲೆ ಬಿಟ್ಟು ಬರುವುದಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

ಆರು ವರ್ಷವಾದಾಗ ಒಂದು ದೊಡ್ಡ ಆಸ್ಪತ್ರೆಗೆ ತೋರಿಸಿದರು. ಡಾಕ್ಟರು ಹೇಳಿದರು, “ಇದು ಆಟಿಸಮ್. ಆದರೆ ಮೈಲ್ಡ್, ಬಹಳ ಸೌಮ್ಯ. ಹೈ ಗ್ರೇಡ್, ಮೇಲಿನ ದರ್ಜೆ. ಎಲ್ಲರ ಹಾಗೇ ಆಗ್ತಾಳೆ, ಚಿಂತೆ ಮಾಡಬೇಡಿ.”

ಆಟಿಸಮ್ ಎಂಬ ಮಾತು ಆಸ್ಪತ್ರೆಯ ಬಾಗಿಲಲ್ಲೇ ಉಳಿಯಿತು. ‘ಮೈಲ್ಡ್, ಹೈ ಗ್ರೇಡ್’ ಮಾತ್ರ ಮನೆಗೆ ಬಂತು. ವಿಮಲಾ ಅದನ್ನು ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು ಎನ್ನುವ ಧಾಟಿಯಲ್ಲಿ ಹೇಳುತ್ತಿದ್ದರು. ಆಮೇಲೆ ಮಗಳನ್ನು ತಿದ್ದಲು ಶುರುಮಾಡಿದರು. ಮಾತಾಡುವವರ ಕಣ್ಣು ನೋಡು. ಕೈ ಹಾಗೆ ಅಲ್ಲಾಡಿಸಬೇಡ. ನಾಲ್ಕು ಜನ ನಕ್ಕಾಗ ನೀನೂ ನಗು. ಇದರಲ್ಲಿ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ತನ್ನ ಕಾಲಾನಂತರ ಮಗಳು ಜನರ ನಡುವೆ ಬಾಳಬೇಕಲ್ಲ ಎಂಬ ಒಂದೇ ಸಂಕಟ ಆ ತಾಯಿಗೆ. ಪಂಕಜಾ ಎಲ್ಲವನ್ನೂ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ಕಲಿತದ್ದು ಎಂಬುದೇ ಮನೆಯವರಿಗೆ ಮರೆತುಹೋಯಿತು.

ನೆಲಮಹಡಿಯಲ್ಲಿ ಇಂದ್ರಾಬಾಯಿ ಇದ್ದರು. ಕಲಬುರ್ಗಿ ಕಡೆಯವರು. ಗಂಡ ಬಸವಂತರಾಯರು ಪೋಸ್ಟಾಫೀಸಿನಲ್ಲಿದ್ದರು. ಇಂದ್ರಾಬಾಯಿ ಟ್ರೇನಿಂಗ್ ಮಾಡಿಕೊಂಡು, ಮಾಟುಂಗದಲ್ಲಿ ಇಂಥ ಮಕ್ಕಳಿಗೆಂದೇ ನಡೆಯುವ ಒಂದು ಸಣ್ಣ ಶಾಲೆಯಲ್ಲಿ ಟೀಚರಾಗಿದ್ದರು. ಅವರ ಮಗ ಈರಣ್ಣ ಹತ್ತೊಂಬತ್ತರ ಹುಡುಗ. ಮಾತಿಲ್ಲ. ಅವನಿಗೂ ಆಟಿಸಮ್. ಅವನ ಡಾಕ್ಟರು ಕೊಟ್ಟದ್ದು ‘ಲೋ ಗ್ರೇಡ್’.

ಹೀಗೆ ಒಂದೇ ಮೆಟ್ಟಿಲು ಹತ್ತಿಳಿಯುವ ಇಬ್ಬರು ತಾಯಂದಿರು, ಒಬ್ಬರ ಮಗಳು ಹೈ, ಇನ್ನೊಬ್ಬರ ಮಗ ಲೋ. ನವರಾತ್ರಿ ಬಂದರೆ ವಿಮಲಾ ಅವರ ಮನೆಯಲ್ಲಿ ಮೈಸೂರಿನ ಗೊಂಬೆ ಕೂರಿಸುತ್ತಾರೆ. ಕರೆಯಲು ಕೆಳಗೆ ಹೋದಾಗ, “ಅರಿಶಿನ ಕುಂಕುಮಕ್ಕೆ ಬನ್ನಿ ಇಂದ್ರಾಬಾಯಿ, ನೀವೊಬ್ಬರೇ ಬಂದ್ರೆ ಸಾಕು” ಎನ್ನುತ್ತಿದ್ದರು. ಇಂದ್ರಾಬಾಯಿಗೆ ಅರ್ಥವಾಗುತ್ತಿತ್ತು. “ಆಗಲ್ರಿ” ಎನ್ನುತ್ತಿದ್ದರು.

ಆ ವರ್ಷದ ನವರಾತ್ರಿ ಪಂಕಜಾಗೆ ಭಾರವಾಯಿತು. ಹಗಲು ಆಫೀಸು, ಹೋಗಿಬರುವಾಗ ಲೋಕಲ್ ರೈಲಿನ ನೂಕುನುಗ್ಗಲು, ಸಂಜೆ ಮನೆ ತುಂಬ ಹೆಂಗಸರು. ಬಂದವರೆಲ್ಲ “ಒಂದು ಹಾಡು ಹೇಳಮ್ಮ” ಎನ್ನುವವರೇ. ಹಾಡುತ್ತಿದ್ದಳು. ಕೋಸಂಬರಿ ಹಂಚುತ್ತಿದ್ದಳು. ಹೋಗುವವರಿಗೆ ತಾಂಬೂಲ ಕೊಡುತ್ತಿದ್ದಳು. ಕೊನೆಯವರು ಮೆಟ್ಟಿಲಿಳಿಯುವುದೇ ತಡ, ಬಾತ್‌ರೂಮು.

ಒಂದು ಸಂಜೆ ಇಂದ್ರಾಬಾಯಿ ಅಡುಗೆಮನೆಗೆ ಹೋಗಿ ವಿಮಲಾ ಪಕ್ಕ ನಿಂತರು.

“ವಿಮಲಾಬಾಯಿ, ತಪ್ಪು ತಿಳೀಬ್ಯಾಡ್ರಿ. ಪಂಕಜಾ ಭಾಳ ದಣದಾಳ. ಒಂದೆರಡು ದಿನ ಆಕಿನ್ನ ಸುಮ್ನ ಬಿಡ್ರಿ.”

“ದಣಿವು ಯಾರಿಗಿಲ್ಲ ಹೇಳಿ? ನಾನೂ ಬೆಳಗ್ಗೆಯಿಂದ ನಿಂತೇ ಇದ್ದೀನಿ.”

“ಈ ದಣಿವು ಬ್ಯಾರೆರಿ. ಎಲ್ಲಾರ ಹಂಗ ಕಾಣಬೇಕಂತ ಆಕಿ ದಿನಾ ಪೂರ್ತಿ ಒಳಗೊಳಗ ಕೆಲಸ ಮಾಡ್ತಾಳ. ನಮ್ಮ ಸಾಲ್ಯಾಗ ಇಂಥ ಹುಡುಗ್ಯಾರನ್ನ ನೋಡೀನಿ. ಒಂದಿನ ಒಮ್ಮೆಲೇ ಕುಸೀತಾರ.”

ವಿಮಲಾ ಸೌಟು ಕೆಳಗಿಟ್ಟರು. “ನಿಮ್ಮ ಸ್ಕೂಲಿನ ಮಕ್ಕಳ ವಿಷಯ ಬೇರೆ ಇಂದ್ರಾಬಾಯಿ. ಪಂಕಜಾಳದ್ದು ಬರೀ ಮೈಲ್ಡ್. ದೊಡ್ಡ ಡಾಕ್ಟರೇ ಹೇಳಿದ್ದಾರೆ. ಹೊರಗೆ ಎಷ್ಟು ಚೆನ್ನಾಗಿರ್ತಾಳೆ ನೋಡಿದ್ದೀರಲ್ಲ, ಮನೆಗೆ ಬಂದ್ರೆ ಮಾತ್ರ ಸೋಮಾರಿತನ. ಅವಳನ್ನ ನಿಮ್ಮ ಈರಣ್ಣನ ಜೊತೆ ಸೇರಿಸಬೇಡಿ.”

ಇಂದ್ರಾಬಾಯಿ ಕುಂಕುಮ ಇಟ್ಟುಕೊಂಡು ಕೆಳಗೆ ಹೋದರು. ಅವರ ಮನಸ್ಸಿಗೆ ನೋವಾಗಿತ್ತು, ಯಾಕಾಗಬಾರದು?

ದಸರೆಯ ಹಿಂದಿನ ದಿನ ಮುಂಬಯಿ ಲೋಕಲ್‌ನ ಲೇಡೀಸ್ ಡಬ್ಬಾದಲ್ಲಿ, ಅಂದರೆ ಹೆಂಗಸರ ಬೋಗಿಯಲ್ಲಿ, ಹಬ್ಬ. ದಿನವೂ ಒಂದೇ ಗಾಡಿ ಹಿಡಿಯುವ ಹೆಂಗಸರು ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಾರೆ, ಸೀಟಿನ ಮೇಲೆ ದೇವಿಯ ಫೋಟೋ ಇಟ್ಟು ಪೂಜೆ ಮಾಡುತ್ತಾರೆ, ಹಾಡುತ್ತಾರೆ, ಡಬ್ಬಿಗಳಲ್ಲಿ ತಂದದ್ದನ್ನು ಹಂಚುತ್ತಾರೆ. ಪಂಕಜಾ ಹೋಗುವ ಗಾಡಿಯ ಗುಂಪಿಗೆ ಟೆಲಿಫೋನ್ ಆಫೀಸಿನ ಕುಂದಾತಾಯಿ ಮುಖಂಡೆ. ಈ ಸಲ ಪಂಕಜಾ ಕನ್ನಡ ಹಾಡು ಹಾಡಲೇಬೇಕು ಎಂದು ಅವಳ ಹುಕುಂ ಆಗಿತ್ತು. ವಿಮಲಾ ಹಿಗ್ಗಿಹೋದರು. ಕಡಲೆಕಾಳಿನ ಗುಗ್ಗರಿ ಮಾಡಿಕೊಂಡು ತಾವೂ ಹೊರಟರು.

ಹೊರಡುವಾಗ ಪಂಕಜಾ ಬಾಗಿಲ ಹತ್ತಿರ ನಿಂತು ಹೇಳಿದಳು. “ಅಮ್ಮ, ಇವತ್ತು ಬೇಡ. ನನ್ನ ಕೈಲಿ ಆಗಲ್ಲ.”

“ಒಂದೇ ದಿನ ಕಣೇ. ಎಲ್ಲ ಕಾಯ್ತಿರ್ತಾರೆ. ನಿನಗೇನು, ಆರಾಮಾಗಿ ಮಾಡ್ತೀಯ.”

ಪಂಕಜಾ ಚಪ್ಪಲಿ ಮೆಟ್ಟಿದಳು.

ಅದೇ ಗಾಡಿಯಲ್ಲಿ ಮಾಟುಂಗಕ್ಕೆಂದು ಇಂದ್ರಾಬಾಯಿಯೂ ಹತ್ತಿದ್ದರು. ಈರಣ್ಣ ಆ ದಿನ ಅಪ್ಪನ ಜೊತೆ ಮನೆಯಲ್ಲಿದ್ದ. ಡಬ್ಬಾ ತುಂಬ ಹೂವಿನ ವಾಸನೆ, ಊದುಬತ್ತಿಯ ಹೊಗೆ, ತಾಳ, ಚಪ್ಪಾಳೆ. ಪಂಕಜಾ ಹಾಡಿದಳು. ಇನ್ನೊಂದು ಎಂದರು, ಇನ್ನೊಂದು ಹಾಡಿದಳು. ಯಾರೋ ಮರಾಠಿಯಲ್ಲಿ ತಮಾಷೆ ಮಾಡಿದರು, ಎಲ್ಲರೂ ನಕ್ಕರು, ಅವಳೂ ನಕ್ಕಳು. ವಿಮಲಾ ಹೆಮ್ಮೆಯಿಂದ ಇಂದ್ರಾಬಾಯಿ ಕಡೆ ನೋಡಿದರು. ಈಗೇನು ಹೇಳ್ತೀರಿ ಎನ್ನುವ ನೋಟ ಅದು. ಇಂದ್ರಾಬಾಯಿ ನೋಡುತ್ತಿದ್ದುದು ಹುಡುಗಿಯ ಕೈಯನ್ನು. ಸೆರಗಿನ ಕೆಳಗೆ ಪಂಕಜಾ ತನ್ನ ಹೆಬ್ಬೆರಳಿನ ಉಗುರನ್ನು ಇನ್ನೊಂದು ಮುಂಗೈಗೆ ಒತ್ತಿ ಹಿಡಿದಿದ್ದಳು. ಚರ್ಮ ಕಿತ್ತು ರಕ್ತ ಬಂದಿತ್ತು. ಮಾಟುಂಗ ರೋಡ್ ಸ್ಟೇಷನ್ ಬಂತು. ಇಂದ್ರಾಬಾಯಿ ಇಳಿಯಲಿಲ್ಲ.

ಚರ್ಚ್‌ಗೇಟಿನಲ್ಲಿ ಎಲ್ಲರೂ ಇಳಿದರು. ಪಂಕಜಾ ಏಳಲಿಲ್ಲ.

“ಏಳೇ, ಆಫೀಸಿಗೆ ಹೊತ್ತಾಯ್ತು” ಎಂದರು ವಿಮಲಾ. ಅವಳ ಕಣ್ಣು ತೆರೆದೇ ಇತ್ತು. ಜ್ವರವಿರಲಿಲ್ಲ, ಮೂರ್ಛೆಯಾಗಿರಲಿಲ್ಲ. ಆದರೆ ಕರೆದರೆ ಉತ್ತರವಿಲ್ಲ. ಭುಜ ಹಿಡಿದು ಅಲುಗಿಸಿದರೆ ಇನ್ನಷ್ಟು ಮುದುಡಿಕೊಂಡಳು. ವಿಮಲಾಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. “ಎಲ್ಲ ನೋಡ್ತಿದ್ದಾರೆ, ಏಳೇ” ಎಂದು ಕೈ ಎಳೆದರು.

ಇಂದ್ರಾಬಾಯಿ ಆ ಕೈ ಬಿಡಿಸಿದರು. “ಎಳೀಬ್ಯಾಡ್ರಿ. ಮಾತೂ ಆಡಸಬ್ಯಾಡ್ರಿ. ಇದೇ ಗಾಡಿ ತಿರುಗಿ ಹೋಗ್ತದ. ಆಕಿ ಇಲ್ಲೇ ಕೂಡಲಿ. ಕೂತಲ್ಲೇ ಮನಿಗೆ ಹೋಗೂಣು.”

ಬೆಳಗಿನ ಹೊತ್ತು ಚರ್ಚ್‌ಗೇಟಿನಿಂದ ಹಿಂದಕ್ಕೆ ಹೋಗುವ ಗಾಡಿ ಖಾಲಿ ಇರುತ್ತದೆ. ಇಡೀ ಡಬ್ಬಾದಲ್ಲಿ ಆ ಮೂವರೇ. ಪಂಕಜಾ ಕಿಟಕಿಯ ಪಕ್ಕ ಗೋಡೆಗೆ ಒರಗಿದ್ದಳು. ಇಬ್ಬರು ತಾಯಂದಿರು ಸ್ವಲ್ಪ ದೂರದಲ್ಲಿ ಕೂತು ತಗ್ಗಿದ ದನಿಯಲ್ಲಿ ಮಾತಾಡಿದರು.

“ಈಗ ತಾನೆ ಹಾಡಿದಳು, ನಕ್ಕಳು” ಎಂದರು ವಿಮಲಾ. “ಅಷ್ಟು ಬೇಗ ಹೀಗಾಗೋಕೆ ಸಾಧ್ಯನಾ? ನಿಜ ಹೇಳಿ, ಇದು ನಾಟಕ ಅನ್ನಿಸಲ್ವಾ ನಿಮಗೆ?”

“ನಾಟಕ ಖರೇರಿ. ಆದ್ರ ಈಗಿಂದಲ್ಲ. ಆ ಹಾಡಿದ್ದು, ನಕ್ಕಿದ್ದು, ಅದು ನಾಟಕ. ನಿಮ್ಮನ್ನ ಖುಷಿ ಇಡಲಿಕ್ಕೆ ಆಕಿ ಕಷ್ಟಪಟ್ಟು ಮಾಡೂದು. ಈಗ ಮಾಡಲಿಕ್ಕೆ ತ್ರಾಣ ಉಳದಿಲ್ಲ, ಅಷ್ಟ.”

“ಆದರೆ ಅವಳಿಗೆ ಇರೋದೇ ಮೈಲ್ಡ್ ಅಲ್ವಾ?”

“ಮೈಲ್ಡ್ ಅಂತ ಕಂಡದ್ದು ಯಾರಿಗ್ರಿ? ಡಾಕ್ಟರಿಗೆ ಕಂಡದ, ನಿಮಗ ಕಂಡದ. ಒಳಗ ಕೂತಾಕಿನ್ನ ಯಾರು ಕೇಳ್ಯಾರ? ಹೈ ಅಂತಾರ, ಲೋ ಅಂತಾರ. ಅದು ಮಕ್ಕಳಿಗೆ ಎಷ್ಟು ಕಷ್ಟ ಅದ ಅಂತ ಹೇಳಂಗಿಲ್ರಿ. ನೋಡೋ ನಮಗ ಎಷ್ಟು ತ್ರಾಸ ಅದ ಅಂತ ಹೇಳ್ತದ.”

ವಿಮಲಾ ಮಗಳ ಕಡೆ ನೋಡಿದರು. ಇಂದ್ರಾಬಾಯಿ ಮುಂದುವರಿಸಿದರು.

“ನಮ್ಮ ಈರಣ್ಣಗ ಲೋ ಅಂದ್ರು. ಆ ಒಂದು ಮಾತು ಕೇಳಿ ಯಾವ ಸಾಲಿಯವರೂ ಬಾಗಲಾ ತಗೀಲಿಲ್ಲ. ಏನೂ ತಿಳಿಯಂಗಿಲ್ಲ ಅಂತ ಅವನ ಮುಂದೇ ಮಾತಾಡೋರು. ನಾನೂ ಮಾತಾಡೀನಿ. ಆಂವ ಎಲ್ಲಾ ಕೇಳಿಸ್ಕೋತಿದ್ದ. ಮಾಟುಂಗದಾಗ ಚಿತ್ರ ತೋರಿಸಿ ಕಲಿಸಿದ ಮ್ಯಾಲೆ ನಮಗ ಗೊತ್ತಾತು. ಈಗ ನೀರು ಬೇಕಂದ್ರ ನೀರಿನ ಚಿತ್ರ ತೋರಸ್ತಾನ. ಸಾಕಾತು ಅಂದ್ರ ಬಾಗಲಾದ ಚಿತ್ರ ತೋರಸ್ತಾನ. ಲೋ ಅಂದದ್ದಕ್ಕ ಅವನ ಬುದ್ಧಿ ಯಾರಿಗೂ ಕಾಣಲಿಲ್ಲ. ಹೈ ಅಂದದ್ದಕ್ಕ ನಿಮ್ಮ ಮಗಳ ಸಂಕಟ ಯಾರಿಗೂ ಕಾಣಲಿಲ್ಲ.”

“ಹಾಗಾದ್ರೆ ಇಬ್ಬರೂ ಒಂದೇ ಅಂತೀರಾ?” ವಿಮಲಾ ದನಿಯಲ್ಲಿ ಇನ್ನೂ ಸ್ವಲ್ಪ ಮುನಿಸಿತ್ತು.

“ಒಂದೇ ಅಂತ ನಾ ಯಾಕ ಅನ್ಲಿ? ಈರಣ್ಣಗ ಜಳಕ ನಾನೇ ಮಾಡಸಬೇಕು. ರಸ್ತಾ ದಾಟಸಬೇಕು. ನಾ ಸತ್ತರ ಹ್ಯಾಂಗ ಅಂತ ದಿನಾ ಚಿಂತಿ ಅದ. ಪಂಕಜಾಗ ಅದೆಲ್ಲಾ ಬೇಕಾಗಿಲ್ಲ. ಆಕಿಗೆ ಬೇಕಾದ್ದು ಬ್ಯಾರೆ. ಏನು ಬೇಕು ಅಂತ ಕೇಳೂದು ಬಿಟ್ಟು ನಾವು ಗ್ರೇಡ್ ಹಿಡಕೊಂಡು ಕೂತೀವಿ, ಅಷ್ಟ ನಾ ಹೇಳೂದು.”

ವಿಮಲಾ ಒಪ್ಪಲಿಲ್ಲ, ಜಗಳವನ್ನೂ ಆಡಲಿಲ್ಲ. ಸೀದಾ ಮನೆಗೆ ಕರೆತಂದು ಮಲಗಿಸಿದರು.

ಮರುದಿನವೂ ಪಂಕಜಾ ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಅಪ್ಪ ಸತ್ಯಮೂರ್ತಿಯವರು ತಮ್ಮ ಕಂಪನಿಯ ಡಾಕ್ಟರನ್ನು ಕರೆತಂದರು, ಅವರು ಟಾನಿಕ್ ಬರೆದುಕೊಟ್ಟರು. ಯಾರೋ ದೃಷ್ಟಿ ಎಂದರು. ವಿಮಲಾ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ಮನೆಯವರೆಲ್ಲ ಕೆಮ್ಮಿದ್ದಷ್ಟೇ ಬಂತು. ಆಫೀಸಿಗೆ ಜ್ವರ ಎಂದು ಹೇಳಿ ಕಳಿಸಿದ್ದರು. ಎಷ್ಟು ದಿನ ಜ್ವರ ಎನ್ನುವುದು? ಇವಳು ಹೀಗೇ ಉಳಿದುಬಿಟ್ಟರೆ ಎಂಬ ಹೆದರಿಕೆ ವಿಮಲಾ ಅವರನ್ನು ಅಲ್ಲಾಡಿಸಿತು. ಕೆಲಸದ ಚಿಂತೆ ಹಿಂದೆ ಸರಿಯಿತು. ಮಗಳ ಬಾಯಿಂದ ಒಂದು ಮಾತು ಬಂದರೆ ಸಾಕಾಗಿತ್ತು.

ಆ ಸಂಜೆ ಅವರೇ ಕೆಳಗಿಳಿದು ಹೋಗಿ, “ಇಂದ್ರಾಬಾಯಿ, ಒಂದು ಸಲ ಮೇಲೆ ಬನ್ನಿ” ಎಂದರು.

“ಬರ್ತೀನ್ರಿ. ಆದ್ರ ಹುಡುಗನ ಅಪ್ಪ ಇನ್ನೂ ಬಂದಿಲ್ಲ. ಈರಣ್ಣನ್ನ ಒಬ್ಬನ್ನ ಬಿಟ್ಟು ಬರಲಿಕ್ಕೆ ಆಗಂಗಿಲ್ಲ.”

ವಿಮಲಾ ಒಳಗೆ ಕೂತಿದ್ದ ಈರಣ್ಣನ ಕಡೆ ನೋಡಿದರು. “ಅವನನ್ನೂ ಕರ್ಕೊಂಡು ಬನ್ನಿ” ಎಂದರು.

ಇಷ್ಟು ವರ್ಷದಲ್ಲಿ ಈರಣ್ಣ ಆ ಮನೆಗೆ ಕಾಲಿಟ್ಟದ್ದು ಅದೇ ಮೊದಲು. ಗೊಂಬೆಗಳನ್ನು ಇನ್ನೂ ಎತ್ತಿಟ್ಟಿರಲಿಲ್ಲ. ಅವನು ಏನನ್ನಾದರೂ ಬೀಳಿಸಿಯಾನು ಎಂದು ವಿಮಲಾ ಅಡ್ಡ ನಿಂತರು. ಈರಣ್ಣ ಗೊಂಬೆಯ ಕಡೆ ತಿರುಗಿಯೂ ನೋಡಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡು ತಲೆ ಎತ್ತಿ ಟ್ಯೂಬ್‌ಲೈಟ್ ನೋಡಿದ. ಹುಬ್ಬು ಗಂಟಿಕ್ಕಿದ. ಆಮೇಲೆ ಸ್ವಿಚ್ ಹುಡುಕಿ ಅದನ್ನು ಆರಿಸಿ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಅಡುಗೆಮನೆಯ ಬಲ್ಬಿನ ಬೆಳಕು ಅಷ್ಟಿಷ್ಟು ಬರುತ್ತಿತ್ತು.

“ಅಯ್ಯೋ, ಸಂಜೆ ಹೊತ್ತು ದೀಪ ಆರಿಸಬಾರದಪ್ಪ” ಎಂದು ವಿಮಲಾ ಸ್ವಿಚ್ಚಿಗೆ ಕೈ ಚಾಚಿದರು.

“ಹಾಕಬೇಡ ಅಮ್ಮ.”

ಪಂಕಜಾ ಎದ್ದು ಕೂತಿದ್ದಳು. ವಿಮಲಾ ಚಾಚಿದ ಕೈ ಚಾಚಿದ ಹಾಗೇ ನಿಂತುಬಿಟ್ಟರು.

“ಅದು ಕಿರುಚುತ್ತೆ” ಎಂದಳು ಪಂಕಜಾ. ದನಿ ಒಣಗಿತ್ತು. “ಸಾರಾ ಟೈಮ್ ಕಿರುಚುತ್ತೆ. ಬಾತ್‌ರೂಮಲ್ಲಿ ಟ್ಯೂಬ್ ಇಲ್ಲ. ಅದಕ್ಕೇ ಅಲ್ಲಿ ಕೂರೋದು.”

“ಒಂದು ಮಾತು ಹೇಳಬಾರದಿತ್ತಾ ಪುಟ್ಟಿ?”

“ಚಿಕ್ಕವಳಿದ್ದಾಗ ಹೇಳಿದೆ. ಎಲ್ಲರ ಮನೇಲೂ ಟ್ಯೂಬ್ ಇದೆ, ಎಲ್ಲರೂ ಸುಮ್ಮನಿಲ್ವಾ ಅಂದೆ ನೀನು. ಆಮೇಲೆ ಹೇಳಲಿಲ್ಲ.”

ಇಂದ್ರಾಬಾಯಿ ಮಗನ ಪಕ್ಕ ನೆಲದ ಮೇಲೆ ಕೂತರು. ವಿಮಲಾಗೂ ಕೂರಲು ಸನ್ನೆ ಮಾಡಿದರು. ಯಾರೂ ಅವಸರ ಮಾಡಲಿಲ್ಲ. ಪಂಕಜಾ ತಡೆತಡೆದು ಹೇಳಿದಳು. ಯಾರ ಮುಖವನ್ನೂ ನೋಡದೆ, ಕಾಲ ಬೆರಳು ನೋಡಿಕೊಂಡು ಹೇಳಿದಳು.

“ಟ್ರೇನಲ್ಲಿ ನಾನು ಕುಂದಾತಾಯಿ ಮುಖ ನೋಡ್ತಾ ಇರ್ತೀನಿ. ಅವರು ನಕ್ಕರೆ ನಗ್ತೀನಿ. ಹುಬ್ಬು ಎತ್ತಿದರೆ ಎತ್ತುತ್ತೀನಿ. ಆಫೀಸಲ್ಲಿ ಟ್ರೇಸಿಂಗ್ ಮಾಡ್ತೀನಲ್ಲ, ಹಾಗೆ. ಆದರೆ ನಕ್ಷೆ ಅಲ್ಲಾಡಲ್ಲ ಅಮ್ಮ. ಮನುಷ್ಯರು ಅಲ್ಲಾಡ್ತಾನೇ ಇರ್ತಾರೆ. ಒಂದು ಗೆರೆ ಮುಗಿಯೋ ಮೊದಲೇ ಇನ್ನೊಂದು ಬರುತ್ತೆ. ಮನೆಗೆ ಬಂದ್ರೆ ಇಲ್ಲೂ ಅದೇ.”

“ಅಷ್ಟು ಕಷ್ಟ ಅಂತ ಗೊತ್ತಾಗಲೇ ಇಲ್ಲ ಕಣೇ. ಅಷ್ಟು ಚೆನ್ನಾಗಿ ಮಾಡ್ತಿದ್ದೆಯಲ್ಲ.”

“ಅದೇ ಪ್ರಾಬ್ಲಮ್ಮು. ಚೆನ್ನಾಗಿ ಮಾಡಿದ್ರೆ, ನೋಡು ನಿನಗೆ ಆಗುತ್ತೆ ಅಂತೀಯ. ಆಮೇಲೆ ಇನ್ನೂ ಜಾಸ್ತಿ ಮಾಡಬೇಕಾಗುತ್ತೆ. ಆಗಲ್ಲ ಅಂದ್ರೆ ಮೈಲ್ಡ್ ಅಲ್ವಾ ಅಂತೀಯ. ನಾನು ಯಾವಾಗ ಸುಸ್ತಾಗಬಹುದು ಅಮ್ಮ?”

ವಿಮಲಾ ಅತ್ತರು. ಅತ್ತವರ ಬೆನ್ನು ಸವರಬೇಕು ಎಂದು ಅವರೇ ಮಗಳಿಗೆ ಕಲಿಸಿದ್ದರು. ಪಂಕಜಾ ಕೈ ಎತ್ತಿದಳು, ಅರ್ಧದಲ್ಲಿ ತಡೆದಳು.

“ಬೇಡ” ಎಂದರು ವಿಮಲಾ, ಕಣ್ಣೊರೆಸಿಕೊಂಡು. “ನೀನು ಸುಮ್ಮನೆ ಕೂತ್ಕೋ.”

ಮಾರನೆಯ ದಿನ ಆ ಟ್ಯೂಬ್ ತೆಗೆಸಿ ಬಲ್ಬು ಹಾಕಿಸಿದರು. ಬೀರುವಿನ ಹಿಂದಿನ ಸಂದಿಗೆ ಹಳೆಯ ಪರದೆ ಕಟ್ಟಿ ಪಂಕಜಾಗೆ ಒಂದು ಮೂಲೆ ಮಾಡಿಕೊಟ್ಟರು. ಆಫೀಸಿನಿಂದ ಬಂದ ಮೇಲೆ ಅವಳು ಅಲ್ಲಿಗೆ ಹೋದರೆ ಯಾರೂ ಕರೆಯಬಾರದು. ಕೈ ಅಲ್ಲಾಡಿಸಿದರೆ ಯಾರೂ ಹಿಡಿಯಬಾರದು. ಇದಕ್ಕೆಲ್ಲ ಟಾನಿಕ್ಕಿಗಿಂತ ಕಡಿಮೆ ಖರ್ಚು.

ಕಷ್ಟವಾದದ್ದು ಆಫೀಸಿನ ವಿಷಯ. “ಆಟಿಸಮ್ ಅಂತ ಹೇಳಿದ್ರೆ ಕೆಲಸ ಹೋಗುತ್ತೆ” ಎಂದು ಸತ್ಯಮೂರ್ತಿಯವರು ಹಟ ಹಿಡಿದರು. ಅವರ ಭಯವೂ ಸುಳ್ಳಲ್ಲ.

“ಹೇಳೂದು ಬಿಡೂದು ಪಂಕಜಾನ ಇಷ್ಟರಿ” ಎಂದರು ಇಂದ್ರಾಬಾಯಿ. “ಹೆಸರು ಹೇಳದೆನೂ ಏನು ಬೇಕು ಅಂತ ಕೇಳಬಹುದು.”

ಪಂಕಜಾ ಹಾಗೇ ಮಾಡಿದಳು. ಟ್ಯೂಬಿನ ಕೆಳಗಿನ ಮೇಜು ಬಿಟ್ಟು ಕಿಟಕಿಯ ಪಕ್ಕದ ಮೇಜು ಕೇಳಿದಳು. ಬೇಗ ಬಂದು ಬೇಗ ಹೋಗಲು, ಊಟದ ಹೊತ್ತು ಒಬ್ಬಳೇ ಕೂರಲು ಅನುಮತಿ ಕೇಳಿದಳು. ಹೆಡ್ ಒಪ್ಪಿದರು. ಆದರೆ ಪರ್ಮನೆಂಟ್ ಮಾಡುವುದನ್ನು ಆರು ತಿಂಗಳು ಮುಂದೆ ಹಾಕಿದರು. ಇದು ನ್ಯಾಯವಲ್ಲ ಎಂದು ನನಗೆ ಈಗಲೂ ಸಿಟ್ಟಿದೆ. ಆರು ತಿಂಗಳ ನಂತರ ಆಯಿತು, ಅದನ್ನೂ ಹೇಳಬೇಕು. ಈಗ ಅವಳು ನೂಕುನುಗ್ಗಲು ಶುರುವಾಗುವ ಮುಂಚಿನ ಗಾಡಿ ಹಿಡಿಯುತ್ತಾಳೆ. ಕುಂದಾತಾಯಿಗೆ ಅವಳೇ ವಿಷಯ ತಿಳಿಸಿದಳು. ಕುಂದಾತಾಯಿ, ಮೊದಲೇ ಹೇಳಿದ್ದರೆ ಹಾಡು ಅಂತ ಪೀಡಿಸುತ್ತಿರಲಿಲ್ಲವಲ್ಲೇ ಎಂದು ಗದರಿಸಿದಳಂತೆ. ಗುಂಪಿನ ಇನ್ನು ಕೆಲವರು ಮಾತು ಬಿಟ್ಟರು. ಅದೂ ಆಯಿತು.

ಅದೇ ವರ್ಷದ ದೀಪಾವಳಿಗೆ ಬೆಂಗಳೂರಿನಿಂದ ಸತ್ಯಮೂರ್ತಿಯವರ ತಂಗಿ ಅಮ್ಮಣ್ಣಿ ಬಂದಿದ್ದರು. ನಾನೂ ಚಕ್ಕುಲಿ ಕೊಡಲು ಹೋಗಿದ್ದೆ. ಈರಣ್ಣ ಕೋಣೆಯಲ್ಲಿ ತಾಯಿಯ ಜೊತೆ ಕೂತಿದ್ದ. ಅಮ್ಮಣ್ಣಿ ಅವನನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ ಪಿಸುದನಿಯಲ್ಲಿ ಕೇಳಿದರು.

“ಅತ್ತಿಗೆ, ನಮ್ಮ ಪಂಕಜಾಳದ್ದು ಇನ್ನೂ ಮೈಲ್ಡೇ ತಾನೆ? ಜಾಸ್ತಿ ಆಗಿಲ್ಲ ತಾನೆ?”

ವಿಮಲಾ ಪಿಸುಗುಟ್ಟಲಿಲ್ಲ. “ನನಗೆ ಗೊತ್ತಿಲ್ಲ ಅಮ್ಮಣ್ಣಿ. ಅದು ನಮಗೆ ಎಷ್ಟು ಕಾಣುತ್ತೆ ಅನ್ನೋ ಲೆಕ್ಕ. ಅವಳಿಗೆ ಎಷ್ಟಿದೆ ಅಂತ ಅವಳಿಗೇ ಗೊತ್ತು.”

“ಹಾಗಾದ್ರೆ ಕರೀರಿ, ಮಾತಾಡಿಸ್ತೀನಿ. ಅಷ್ಟು ದೂರದಿಂದ ಬಂದಿದ್ದೀನಿ.”

ಪರದೆ ಸ್ವಲ್ಪ ಸರಿಯಿತು. ಪಂಕಜಾ ಮುಖ ಮಾತ್ರ ತೋರಿಸಿದಳು. “ಇವತ್ತು ಆಗಲ್ಲ ಅತ್ತೆ. ನಾಳೆ ಬೆಳಗ್ಗೆ ಮಾತಾಡೋಣ.”

ಅಮ್ಮಣ್ಣಿ ಅತ್ತಿಗೆಯ ಮುಖ ನೋಡಿದರು. ಮಗಳನ್ನು ಗದರಿಸುತ್ತಾರೆ ಎಂದುಕೊಂಡಿರಬೇಕು. ವಿಮಲಾ, “ಸರಿ ಪುಟ್ಟಿ” ಎಂದು ಕಾಫಿ ಬಗ್ಗಿಸಲು ಹೋದರು. ಮರುದಿನ ಬೆಳಗ್ಗೆ ಅತ್ತೆ ಸೊಸೆ ಬಾಲ್ಕನಿಯಲ್ಲಿ ಕೂತು ಬಹಳ ಹೊತ್ತು ಮಾತಾಡಿದ್ದು ನಮ್ಮ ಮನೆಗೂ ಕೇಳಿಸಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ನಿಮ್ಮ ಚಾಳಿನಲ್ಲಿ, ನಿಮ್ಮ ಬಿಲ್ಡಿಂಗಿನಲ್ಲಿ ಇಂಥವರು ಇರಬಹುದು. ಆಟಿಸಮ್ ಹುಟ್ಟಿನಿಂದ ಬರುವುದು. ತಾಯಿ ಬೆಳೆಸಿದ್ದು ಸರಿಯಿಲ್ಲವೆಂದು ಬರುವುದಲ್ಲ, ಹಲವು ಭಾಷೆಗಳಿಂದ ಬರುವುದಲ್ಲ, ದೃಷ್ಟಿ ತೆಗೆದರೆ ಹೋಗುವುದೂ ಅಲ್ಲ. ಯಾರಾದರೂ ನಿಮ್ಮ ಮಗುವಿಗೆ ಹೈ ಎಂದರೆ ಹಿಗ್ಗಿ ಕೂರಬೇಡಿ, ಲೋ ಎಂದರೆ ಕೈಬಿಟ್ಟು ಕೂರಬೇಡಿ. ಇವರಿಗೆ ಯಾವುದು ಕಷ್ಟ, ಏನು ಕೊಟ್ಟರೆ ಹಗುರ ಎಂದು ಆ ಡಾಕ್ಟರನ್ನೇ ತಿರುಗಿ ಕೇಳಿ. ಹೊರಗೆ ಚೆನ್ನಾಗಿದ್ದು ಮನೆಗೆ ಬಂದು ಕುಸಿಯುವ ಮಗು ನಿಮ್ಮನ್ನು ಸತಾಯಿಸುತ್ತಿಲ್ಲ. ಹೊರಗೆ ಚೆನ್ನಾಗಿದ್ದುದರಿಂದಲೇ ಕುಸಿಯುತ್ತಿದೆ. ಅದಕ್ಕೆ ಸುಮ್ಮನಿರಲು ಒಂದು ಜಾಗ ಕೊಡಿ, ಚೂರು ಪರದೆಯಾದರೂ ಸಾಕು.

ಅವರು ‘ಆಗಲ್ಲ’ ಎಂದಾಗ ಎಷ್ಟು ಆಗಲ್ಲ ಎಂದು ಅಳೆಯಲು ಹೋಗಬೇಡಿ. ಬಾಯಿಂದ ಹೇಳಲಿ, ಚಿತ್ರ ತೋರಿಸಿ ಹೇಳಲಿ, ಕಿವಿ ಮುಚ್ಚಿಕೊಂಡು ಹೇಳಲಿ. ಮೊದಲ ಸಲ ಹೇಳಿದಾಗಲೇ ನಂಬಿ. ನೀವು ನಂಬದಿದ್ದರೆ ಅವರು ಹೇಳುವುದನ್ನೇ ಬಿಟ್ಟುಬಿಡುತ್ತಾರೆ.